ಸಭೆಗೆ ಮೊದಲು ಬರುವ ಹಾಳೆ

ಶಾಲೆಯಿಂದ ನಿವೃತ್ತಿಯಾಗಿ ವರ್ಷಗಳಾದರೂ ಶಿರಸಿಯ ನಮ್ಮ ಕೇರಿಯಲ್ಲಿ ನಾನು ಎಲ್ಲರಿಗೂ ಅಕ್ಕೋರೇ. ತಿಂಗಳಿಗೊಮ್ಮೆ ನಮ್ಮ ವಾರ್ಡಿಗಾಗಿ ಒಂದು ಸುದ್ದಿ ಹಾಳೆ ಬರೆಯುತ್ತೇನೆ. ಒಂದೇ ಹಾಳೆ, ಎರಡು ಬದಿ. ಝೆರಾಕ್ಸ್ ಮಾಡಿಸಿ ಹಾಲಿನ ಡೈರಿ, ರೇಷನ್ ಅಂಗಡಿ, ಅಂಗನವಾಡಿ, ದೇವಸ್ಥಾನದ ಕಟ್ಟೆ ಹೀಗೆ ಆರು ಕಡೆ ಅಂಟಿಸುತ್ತೇವೆ. ಅದರ ಫೋಟೋ ವಾಟ್ಸಾಪಿನಲ್ಲೂ ಹೋಗುತ್ತದೆ.

ಮೊದಮೊದಲು ನಾನು ನಗರಸಭೆಯ ಸಭೆ ಮುಗಿದ ಮೇಲೆ ಬರೆಯುತ್ತಿದ್ದೆ. ಯಾರು ಎದ್ದು ನಿಂತರು, ಯಾರು ಏನು ಕೇಳಿದರು, ಇದೇ. ಅದನ್ನೆಲ್ಲ ಲೋಕಧ್ವನಿ, ಕರಾವಳಿ ಮುಂಜಾವು ಪತ್ರಿಕೆ ಓದುವವರು ಬೆಳಿಗ್ಗೆ ಚಹಾದ ಜೊತೆಗೇ ಓದಿ ಮುಗಿಸಿರುತ್ತಿದ್ದರು. ಒಂದು ದಿನ ಪಕ್ಕದ ಮನೆಯವಳು ಕೇಳಿದಳು, "ಅಕ್ಕೋರೇ, ಎಲ್ಲಾ ಮುಗಿದ್ಮೇಲೆ ಗೊತ್ತಾದ್ರೆ ನಾವು ಮಾಡೋದಾದ್ರೂ ಏನು?" ಸರಿಯಾದ ಮಾತು. ಅವತ್ತಿನಿಂದ ನಮ್ಮ ಹಾಳೆ ಸಭೆಗೆ ಮೊದಲು ಬರುತ್ತದೆ.

ಇದಕ್ಕೆ ಬೇಕಾದದ್ದು ಒಂದೇ, ಸಭೆಯ ಅಜೆಂಡಾ. ಸದಸ್ಯರಿಗೆ ಅದು ಕೆಲವು ದಿನ ಮೊದಲೇ ಬರುತ್ತದೆ. ನಮ್ಮ ವಾರ್ಡಿನ ಸದಸ್ಯರ ಮನೆಗೆ ಹೋಗಿ ಕೇಳಿದೆ. ಅವರು ಒಂದು ಮಾತೂ ಆಡದೆ ಪ್ರತಿ ಕೊಟ್ಟರು.

ಅಜೆಂಡಾ ಓದಲು ಕಲಿಯುವುದಕ್ಕೆ ನನಗೆ ನಾಲ್ಕೈದು ತಿಂಗಳು ಬೇಕಾಯಿತು. ಮೊದಲ ವಿಷಯ ಸಾಮಾನ್ಯವಾಗಿ ಹಿಂದಿನ ಸಭೆಯ ನಡಾವಳಿ ದೃಢೀಕರಿಸುವುದು. ಎಲ್ಲರೂ ದಾಟಿಸಿಬಿಡುವ ಸಾಲು ಅದು. ಆದರೆ ಕಳೆದ ತಿಂಗಳು ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ಸರಿಮಾಡಿಸುವ ಜಾಗವೂ ಅದೇ. 'ಘಟನೋತ್ತರ ಮಂಜೂರಾತಿ' ಅಂತಿದ್ದರೆ ಕೆಲಸ ಆಗಲೇ ಆಗಿದೆ, ಈಗ ಒಪ್ಪಿಗೆ ಕೇಳುತ್ತಿದ್ದಾರೆ ಅಂತ. 'ಟೆಂಡರ್ ದರ' ಅಂತ ಬಂದರೆ ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿದೆ, ಯಾರು ಎಷ್ಟಕ್ಕೆ ಮಾಡುತ್ತಾರೆ ಅನ್ನುವುದಷ್ಟೇ ಬಾಕಿ. ನಮಗೆ ಮುಖ್ಯವಾದ ಪದ 'ಕ್ರಿಯಾ ಯೋಜನೆ'. ದುಡ್ಡು ಎಲ್ಲಿಗೆ ಅಂತ ಬರೆಯುವುದು ಅಲ್ಲಿ. ಆ ಪದ ಕಂಡ ಕೂಡಲೇ ನಾನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಕೇಳುವುದಿದ್ದರೆ ಈಗ ಕೇಳಿ.

ಯಾವ ದುಡ್ಡು ಅನ್ನುವುದೂ ಗೊತ್ತಿರಬೇಕು. ಕೇಂದ್ರದ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ 2021ರಿಂದ 2026ರ ಅವಧಿಗೆ ಹೇಳಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಆ ಭಾಗ ತೋರಿಸಿ ಡಾಂಬರು ಹಾಕಿ ಅಂದರೆ ಆಗುತ್ತಿರಲಿಲ್ಲ. ಇದು ತಿಳಿದ ಮೇಲೆ ನಮ್ಮವರು ಕೇಳುವ ರೀತಿಯೇ ಬದಲಾಯಿತು.

ಒಂದು ಸಲ ಅಜೆಂಡಾದಲ್ಲಿ ನಮ್ಮ ತಿರುವಿನ ಗಟಾರಕ್ಕೆ ಸ್ಲ್ಯಾಬ್ ಹಾಕುವ ವಿಷಯ ಇತ್ತು. ನನಗೆ ಖುಷಿಯಾಯಿತು, ಒಳ್ಳೆ ಸುದ್ದಿ ಅಂತಲೇ ಬರೆಯಲು ಕೂತೆ. ಆದರೂ ಜಾಗ ನೋಡದೆ ಬರೆಯಬಾರದು ಅಂತ ಹೋದೆ. ಅಲ್ಲಿನ ಮನೆಯ ಅಜ್ಜಿ ಜಗಲಿಯಿಂದಲೇ ಹೇಳಿದರು, "ಮೇಲೆ ಮುಚ್ಚಿದ್ರೆ ಏನಾಯ್ತು ಮಗಾ? ಮುಂದಿನ ಮೋರಿ ಇಕ್ಕಟ್ಟು. ಮಳೆಗಾಲದಲ್ಲಿ ನೀರು ಅಲ್ಲಿ ತಡೆದು ಹಿಂದೆ ನಮ್ಮ ಅಂಗಳಕ್ಕೆ ಬರ್ತದೆ. ಮುಚ್ಚಿದ ಮೇಲೆ ಕಸ ತೆಗೆಯೋರು ಯಾರು?" ನಾನು ಅಷ್ಟೂ ಮಾತನ್ನು ಹಾಗೇ ಬರೆದೆ. ಮೋರಿಯ ಅಗಲ ಅಳೆದು ಅದನ್ನೂ ಹಾಕಿದೆ. ಸದಸ್ಯರು ಆ ಹಾಳೆಯನ್ನೇ ಹಿಡಿದು ಸಭೆಗೆ ಹೋದರು. ಮೊದಲು ಮೋರಿ ಅಗಲ ಮಾಡುವುದು, ಆಮೇಲೆ ಸ್ಲ್ಯಾಬ್ ಅಂತ ಠರಾವಾಯಿತು. ಅದೇ ಹಾಳೆ ಒಂದು ವಾರ ತಡವಾಗಿದ್ದರೆ ಅಜ್ಜಿಯ ಮಾತು ಬರೀ ಒಂದು ದೂರು ಆಗಿ ಉಳಿಯುತ್ತಿತ್ತು.

ಇನ್ನು ನಾನು ಮಾಡಿದ ತಪ್ಪು. ಒಂದು ಬೇಸಿಗೆಯಲ್ಲಿ ಕೆಂಗ್ರೆ ಹೊಳೆಯಲ್ಲಿ ನೀರು ಇಳಿದಿದೆ, ನಾಳೆಯಿಂದ ಮೂರು ದಿನಕ್ಕೊಮ್ಮೆ ನೀರು ಅಂತ ಯಾರೋ ಹೇಳಿದ್ದನ್ನು ವಾಟ್ಸಾಪಿಗೆ ಹಾಕಿಬಿಟ್ಟೆ. ಇಡೀ ಕೇರಿ ಕೊಡ, ಬಕೆಟ್, ಡ್ರಮ್ಮು ತುಂಬಿಟ್ಟಿತು. ತಗ್ಗಿನ ಮನೆಗಳವರು ಜಾಸ್ತಿ ಹಿಡಿದರು, ಏರಿನ ಮೇಲಿನ ನಾಲ್ಕು ಮನೆಗಳಿಗೆ ಅವತ್ತು ನೀರೇ ಏರಲಿಲ್ಲ. ಸುದ್ದಿ ಸುಳ್ಳಾಗಿತ್ತು. ಆ ನಾಲ್ಕೂ ಮನೆಗೆ ಹೋಗಿ ತಪ್ಪಾಯಿತು ಅಂದೆ. ಮುಂದಿನ ಹಾಳೆಯ ಮೊದಲ ಸಾಲಿನಲ್ಲೇ ಅದನ್ನು ಬರೆದೆ. ಈಗ ನೀರಿನ ಸುದ್ದಿಯನ್ನು ವಾಲ್ವ್ ತಿರುಗಿಸುವವರ ಹತ್ತಿರ ಕೇಳದೆ ಹಾಕುವುದಿಲ್ಲ.

ಸಭೆಯಲ್ಲಿ ಆಡಿದ ಮಾತು ಬೇರೆ, ಠರಾವು ಬೇರೆ. 'ನೋಡೋಣ' ಅಂದದ್ದನ್ನು 'ಆಯ್ತು' ಅಂತ ನಾನು ಬರೆಯುವುದಿಲ್ಲ. ಅನುಮಾನ ಬಂದರೆ ಮಾಹಿತಿ ಹಕ್ಕಿನ ನಮೂನೆ 'ಎ' ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಡಾವಳಿಯ ಪ್ರತಿ ಕೇಳುತ್ತೇನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು.

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಿಗೆ ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಶಿರಸಿ, ಕಾರವಾರ ಎರಡೂ ಅಷ್ಟು ದೊಡ್ಡವಲ್ಲ. ಹಾಗಾಗಿ ಹಾಳೆ ಅಂಟಿಸಿದ ಮರುದಿನ ನಾವೇ ಅಂಗನವಾಡಿಯ ಅಂಗಳದಲ್ಲಿ ಸೇರುತ್ತೇವೆ. ಮೊದಲು ರಾತ್ರಿ ಎಂಟಕ್ಕೆ ಕರೆಯುತ್ತಿದ್ದೆವು, ಗಂಡಸರು ಮಾತ್ರ ಬರುತ್ತಿದ್ದರು. ಈಗ ಸಂಜೆ ನಾಲ್ಕೂವರೆಗೆ ಶುರು, ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತೇವೆ. ಹೆಂಗಸರೇ ಜಾಸ್ತಿ. ಹಿಂದಿನ ಸಾಲಿನವರಿಂದ ಮಾತು ಶುರು ಮಾಡಿಸುತ್ತೇನೆ, ಯಾಕಂದರೆ ಮುಂದೆ ಕೂತವರು ಹೇಗೂ ಮಾತಾಡುತ್ತಾರೆ, ಅಲ್ವಾ?

ಸದ್ಯ ಬಜೆಟ್ ಪೂರ್ವಭಾವಿ ಸಭೆಗೆ ಪಟ್ಟಿ ಮಾಡುತ್ತಿದ್ದೇವೆ. ಇಪ್ಪತ್ತು ಬೇಡಿಕೆ ಬಂದಿದ್ದವು, ಮೂರಕ್ಕೆ ಇಳಿಸಿದ್ದೇವೆ. ಏರಿನ ಮನೆಗಳ ನೀರಿನ ಪೈಪು ಮೊದಲನೆಯದು.