ಬಡಾಹೋಸ್ ಕಂದಕದಲ್ಲೊಬ್ಬ ಸೈನಿಕ: ಐತಿಹಾಸಿಕ ಸಾಹಸ ಕಾದಂಬರಿ ಕಟ್ಟುವ ಬಗೆ

ನೆಪೋಲಿಯನ್ ಕಾಲದ ಸ್ಪೇನಿಗೆ ಒಬ್ಬ ಬ್ರಿಟಿಷ್ ಸೈನಿಕನನ್ನು ಕಳಿಸಿ ಕಾದಂಬರಿ ಬರೆಯಹೊರಟವರು ಸಾಮಾನ್ಯವಾಗಿ ನಾಯಕನ ಸ್ವಭಾವದಿಂದ ಶುರುಮಾಡುತ್ತಾರೆ. ಮುಂಗೋಪಿ, ಬಡವರ ಮನೆಯ ಹುಡುಗ, ಮೇಲಧಿಕಾರಿಗಳ ಕಣ್ಣಿಗೆ ಮುಳ್ಳು. ಅದೆಲ್ಲ ಆಮೇಲೆ ನೋಡಿಕೊಂಡರಾಯಿತು. ಮೊದಲು ತೀರ್ಮಾನವಾಗಬೇಕಾದ್ದು ಮೂರೇ: ಯಾವ ತಾರೀಕು, ಕೈಯಲ್ಲಿ ಯಾವ ಬಂದೂಕು, ಹೊಟ್ಟೆಗೆ ಏನು ಬಿದ್ದಿದೆ. ಇವು ಗಟ್ಟಿಯಾದರೆ ಅರ್ಧ ಕಥೆ ತಾನಾಗಿ ಹುಟ್ಟುತ್ತದೆ. ಇವು ಸಡಿಲವಾಗಿದ್ದರೆ ನಾಯಕ ಎಷ್ಟೇ ಶೂರನಾದರೂ ಓದುಗನಿಗೆ ಉಸಿರು ಬಿಗಿಹಿಡಿಯುವ ಕಾರಣವೇ ಸಿಗುವುದಿಲ್ಲ.

ಕಾಲದ ಕಿಟಕಿ

ಪೋರ್ಚುಗಲ್, ಸ್ಪೇನ್‌ಗಳ ಈ ಯುದ್ಧ ಬ್ರಿಟಿಷರ ಪಾಲಿಗೆ 1808ರ ಆಗಸ್ಟಿನಿಂದ 1814ರ ಏಪ್ರಿಲ್‌ವರೆಗೆ ನಡೆಯಿತು. ಮೊದಲ ಕಾದಂಬರಿಯಲ್ಲೇ ನಾಯಕನನ್ನು ಆರಂಭದ ವಿಮೇರೊ ಕಾಳಗದಿಂದ ಕೊನೆಯ ಹೊತ್ತಿನ ಟುಲೂಸ್ ಕಾಳಗದವರೆಗೂ ಎಳೆದಾಡಬೇಡಿ. ಮೂರು ವಾರ ಸಾಕು. ಫ್ರೆಂಚರು ಹಿಡಿದಿದ್ದ ಸ್ಪೇನಿನ ಗಡಿಯ ಕೋಟೆಯೂರು ಬಡಾಹೋಸ್‌ಗೆ ಬ್ರಿಟಿಷರು ಹಾಕಿದ ಮುತ್ತಿಗೆಯನ್ನೇ ನೋಡಿ. 1812ರ ಮಾರ್ಚ್ 17ರ ರಾತ್ರಿ ಮಳೆಯಲ್ಲೇ ಕಂದಕ ತೋಡುವ ಕೆಲಸ ಆರಂಭ. 19ರಂದು ಕೋಟೆಯೊಳಗಿನ ಫ್ರೆಂಚರು ಹೊರನುಗ್ಗಿ ಹಾರೆ ಗುದ್ದಲಿಗಳನ್ನು ಹೊತ್ತೊಯ್ಯುತ್ತಾರೆ. ಕೋಟೆಯ ಅಧಿಪತಿ ಫಿಲಿಪ್ಪೋನ್ ಅವಕ್ಕೆ ಬಹುಮಾನ ಕಟ್ಟಿದ್ದ. ಅದೇ ಗದ್ದಲದಲ್ಲಿ ಬ್ರಿಟಿಷರ ಮುಖ್ಯ ಎಂಜಿನಿಯರ್ ಫ್ಲೆಚರನಿಗೆ ಬಡಿದ ಗುಂಡು ಅವನ ಹಣದ ಚೀಲದಲ್ಲಿದ್ದ ಬೆಳ್ಳಿ ಡಾಲರಿಗೆ ತಾಕಿತು. ನಾಣ್ಯ ತೊಡೆಸಂದಿಗೆ ನಾಟಿತು, ಜೀವ ಉಳಿಯಿತು. ಇದನ್ನು ನೀವೇ ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. 22ರ ಹೊತ್ತಿಗೆ ಗ್ವಾಡಿಯಾನಾ ನದಿ ಉಕ್ಕಿ ದೋಣಿ ಸೇತುವೆ ಕೊಚ್ಚಿಹೋಗುತ್ತದೆ. 25ರ ರಾತ್ರಿ ಪಿಕುರಿನಾ ಎಂಬ ಹೊರಕೋಟೆ ಬೀಳುತ್ತದೆ. ಏಪ್ರಿಲ್ 6ರ ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಲಗ್ಗೆ.

ಇಷ್ಟನ್ನು ಒಂದು ಉದ್ದ ಹಾಳೆಯ ಎಡಬದಿಗೆ ದಿನಕ್ಕೊಂದು ಸಾಲಿನಂತೆ ಬರೆದುಕೊಳ್ಳಿ. ಹವಾಮಾನ, ಚಂದ್ರನ ಬೆಳಕು, ಆ ದಿನ ಸೇನೆಯ ಯಾವ ದೊಡ್ಡ ವಿಭಾಗ (ಡಿವಿಷನ್) ಕಂದಕದ ಕೆಲಸದಲ್ಲಿತ್ತು ಎಂಬುದೂ ಅಲ್ಲೇ ಇರಲಿ. ಬಲಬದಿಗೆ ನಿಮ್ಮ ಕಥೆ. ಎಡಬದಿಯ ಒಂದಕ್ಷರವನ್ನೂ ಬದಲಿಸುವಂತಿಲ್ಲ, ಬಲಬದಿ ಪೂರ್ತಿ ನಿಮ್ಮದು. ಸೇತುವೆ ಕೊಚ್ಚಿಹೋದ ದಿನ ನಾಯಕ ಯಾವ ದಡದಲ್ಲಿದ್ದ? ಈ ಒಂದು ಪ್ರಶ್ನೆಯಿಂದಲೇ ಎರಡು ಅಧ್ಯಾಯ ಬರೆಯಬಹುದು.

ಕೋಟೆ ಬಿತ್ತೆಂಬುದು ಇತಿಹಾಸ ತಿಳಿದವರಿಗೆಲ್ಲ ಗೊತ್ತು. ಹಾಗಾಗಿ ನಿಮ್ಮ ಕೈಲಿರುವುದು ನಾಯಕ ಎಲ್ಲಿ ನಿಂತಿದ್ದ ಎಂಬುದು ಮಾತ್ರ. ಲೈಟ್ ಡಿವಿಷನ್ ಅಥವಾ 4ನೇ ಡಿವಿಷನ್‌ನಲ್ಲಿದ್ದರೆ ಅವನು ಫಿರಂಗಿಗಳು ಒಡೆದ ಗೋಡೆಯ ಬಿರುಕಿಗೆ ನುಗ್ಗುತ್ತಾನೆ. ಅಲ್ಲಿ ಮರದ ದಿಮ್ಮಿಗೆ ಕತ್ತಿಯಲಗು ಸಿಕ್ಕಿಸಿದ ತಡೆಗಳು, ಮೊಳೆ ಹೊಡೆದ ಹಲಗೆಗಳು, ನೀರು ತುಂಬಿದ ಅಗಳು. ಮತ್ತೆ ಮತ್ತೆ ನುಗ್ಗಿದರೂ ಆ ರಾತ್ರಿ ಅಲ್ಲಿ ಯಾರೂ ಒಳಹೋಗಲಿಲ್ಲ. ಪಿಕ್ಟನ್‌ನ 3ನೇ ಡಿವಿಷನ್‌ನಲ್ಲಿದ್ದರೆ ಏಣಿ ಹಾಕಿ ಒಳಕೋಟೆ ಹತ್ತುತ್ತಾನೆ, ಗೆಲ್ಲುತ್ತಾನೆ. 5ನೇ ಡಿವಿಷನ್‌ನಲ್ಲಿದ್ದರೆ ತಡವಾಗಿ ಬಂದ ಏಣಿಗಳಿಗಾಗಿ ಕತ್ತಲಲ್ಲಿ ಕಾಯುತ್ತಾ, ದೂರದಲ್ಲಿ ಗೆಳೆಯರು ಸಾಯುವ ಸದ್ದು ಕೇಳಬೇಕು. ಮೂರರಲ್ಲಿ ಈ ಕೊನೆಯದೇ ಕಾದಂಬರಿಗೆ ಹೆಚ್ಚು ಒದಗುವ ಜಾಗ. ಆದರೂ ಎಲ್ಲರೂ ಬಿರುಕಿಗೇ ಓಡುತ್ತಾರೆ.

ಬಂದೂಕಿನ ಇಪ್ಪತ್ತು ಸೆಕೆಂಡು

ಸಾಮಾನ್ಯ ಕಾಲಾಳಿನ ಕೈಯಲ್ಲಿದ್ದದ್ದು ‘ಬ್ರೌನ್ ಬೆಸ್’ ಎಂದು ಕರೆಯುತ್ತಿದ್ದ ಮಸ್ಕೆಟ್. ನಳಿಕೆ 39 ಅಂಗುಲ, ಒಳವ್ಯಾಸ ಮುಕ್ಕಾಲು ಅಂಗುಲ, ತೂಕ ನಾಲ್ಕೂವರೆ ಕಿಲೋ ಹತ್ತಿರ. ಗುಂಡು ನಳಿಕೆಗಿಂತ ಬೇಕೆಂದೇ ಸಣ್ಣದು. ಮಸಿ ಕಟ್ಟಿದ ಮೇಲೂ ಸಲೀಸಾಗಿ ಇಳಿಯಬೇಕಲ್ಲ. ಅದಕ್ಕೆ ತೆರುವ ಬೆಲೆ ಗುರಿ: ನೂರು ಗಜದಾಚೆ ಒಬ್ಬ ವ್ಯಕ್ತಿಗೆ ಗುರಿಯಿಟ್ಟು ಹೊಡೆದರೆ ತಾಕುವುದು ಅದೃಷ್ಟ. ಹಾಗಾಗಿ ಕೆಂಪುಕೋಟಿನ ನಾಯಕ ಇನ್ನೂರು ಗಜ ದೂರದ ಫ್ರೆಂಚ್ ಕರ್ನಲ್‌ನನ್ನು ಕೆಡವುವ ದೃಶ್ಯ ಬರೆದಿದ್ದರೆ ಹೊಡೆದುಹಾಕಿ.

ತುಂಬುವ ಕ್ರಮ ಹೀಗೆ. ಸೊಂಟದ ಪೆಟ್ಟಿಗೆಯಿಂದ ಕಾಗದದ ತೋಟಾ ತೆಗೆದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಕಮಕಿ ಕಲ್ಲು ಹಿಡಿದ ಕುದುರೆಯನ್ನು ಅರ್ಧಕ್ಕೆ ಎಳೆದು, ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಸುರಿದು ಮುಚ್ಚಬೇಕು. ಬಂದೂಕಿನ ಹಿಡಿಯನ್ನು ನೆಲಕ್ಕೂರಿ, ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ನಳಿಕೆಗೆ ಹಾಕಬೇಕು. ಕಬ್ಬಿಣದ ಸಲಾಕೆ ಎಳೆದು ಗಟ್ಟಿಸಿ ಮತ್ತೆ ಅದರ ಜಾಗಕ್ಕೆ ಸೇರಿಸಬೇಕು. ಎತ್ತಿ, ಕುದುರೆಯನ್ನು ಪೂರ್ತಿ ಎಳೆದು, ಹೊಡೆಯಬೇಕು. ಪಳಗಿದವನಿಗೆ ಇಪ್ಪತ್ತು ಸೆಕೆಂಡು, ಅಂದರೆ ನಿಮಿಷಕ್ಕೆ ಮೂರು ಸಲ. ಹತ್ತು ಹದಿನೈದು ಗುಂಡು ಹಾರಿದ ಮೇಲೆ ನಳಿಕೆ ಮಸಿಗಟ್ಟಿ ಅದು ಎರಡಕ್ಕಿಳಿಯುತ್ತದೆ.

ಕೈಕೊಡುವ ಜಾಗಗಳೇ ನಿಮ್ಮ ಬಂಡವಾಳ. ಗಾಬರಿಯಲ್ಲಿ ಸಲಾಕೆಯನ್ನು ನಳಿಕೆಯಲ್ಲೇ ಬಿಟ್ಟು ಹೊಡೆದವನ ಸಲಾಕೆ ಶತ್ರುವಿನತ್ತ ಹಾರಿಹೋಗುತ್ತದೆ. ಸತ್ತವನೊಬ್ಬನ ಬಂದೂಕು ಸಿಗುವವರೆಗೆ ಅವನ ಕೈಯಲ್ಲಿರುವುದು ತುದಿಗೆ ಬಯೊನೆಟ್ ಎಂಬ ಅಲಗು ಸಿಕ್ಕಿಸಿದ ಬರೀ ಈಟಿ. ಬಟ್ಟಲಿನ ಮದ್ದು ಉರಿದು ಒಳಗಿನದು ಹೊತ್ತದಿದ್ದರೆ, ಸುತ್ತಲಿನ ಗದ್ದಲದಲ್ಲಿ ಅದು ತಿಳಿಯದೆ ಮೇಲೊಂದು ತೋಟಾ ತುಂಬಿಬಿಡುವುದುಂಟು. ಚಕಮಕಿ ಕಲ್ಲು ಇಪ್ಪತ್ತು ಮೂವತ್ತು ಹೊಡೆತಕ್ಕೆ ಸವೆಯುತ್ತದೆ. ತೋಟಾ ಕಚ್ಚಿ ಕಚ್ಚಿ ತುಟಿ ಕಪ್ಪಾಗುತ್ತದೆ, ಮದ್ದಿನ ಉಪ್ಪಿಗೆ ಗಂಟಲು ಒಣಗುತ್ತದೆ. ಯುದ್ಧದ ನಡುವೆ ಸೈನಿಕ ಹುಡುಕುವುದು ನೀರನ್ನೇ. ಗಾಳಿಯಿಲ್ಲದ ದಿನ ನಾಲ್ಕೈದು ಸುತ್ತಿನ ನಂತರ ಹೊಗೆಯಲ್ಲಿ ಪಕ್ಕದವನ ಬೆನ್ನಷ್ಟೇ ಕಾಣುತ್ತದೆ. ಇಡೀ ರಣರಂಗವನ್ನು ನಾಯಕ ‘ನೋಡಿದ’ ಎಂದು ಬರೆಯುವ ಮುನ್ನ ಅವನು ಹೊಗೆಯಿಂದಾಚೆ, ಎತ್ತರದ ಮೇಲೆ ಇದ್ದಾನೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಮಳೆ ಬಂದರೆ ಲೆಕ್ಕವೆಲ್ಲ ತಲೆಕೆಳಗು. 1811ರ ಮೇ 16ರಂದು ಆಲ್ಬುಯೆರಾ ಕಾಳಗದಲ್ಲಿ ಆಲಿಕಲ್ಲು ಮಳೆ ಸುರಿದು ಬಂದೂಕುಗಳು ಹೊತ್ತದಾದವು. ಆ ಮಳೆಯ ಮರೆಯಲ್ಲೇ ಫ್ರೆಂಚರ ಕಡೆಯ ಪೋಲೆಂಡಿನ ಭರ್ಜಿ ರಾವುತರು ಕೋಲ್ಬೋರ್ನ್‌ನ ಬ್ರಿಟಿಷ್ ಬ್ರಿಗೇಡಿನ ಮೇಲೆ ಬಂದೆರಗಿ ಕೆಲವೇ ನಿಮಿಷಗಳಲ್ಲಿ ಅದನ್ನು ನುಚ್ಚುನೂರು ಮಾಡಿದರು. ನಾಲ್ಕು ಬದಿಯೂ ಬಯೊನೆಟ್ ಚಾಚಿದ ಚೌಕಕ್ಕೆ ನಿಂತಿದ್ದರೆ ಕುದುರೆಗಳನ್ನು ತಡೆಯಬಹುದಿತ್ತು, ಉದ್ದ ಸಾಲಿನಲ್ಲಿದ್ದವರಿಗೆ ಅದಕ್ಕೆ ಹೊತ್ತು ಸಿಗಲಿಲ್ಲ.

ಹೊತ್ತಿನ ಲೆಕ್ಕ ಯಾವಾಗಲೂ ಕೈಯಲ್ಲಿರಲಿ. ಬಿರುಸಾಗಿ ನಡೆದುಬರುವ ಫ್ರೆಂಚ್ ಕಾಲಾಳುಗಳು ಕೊನೆಯ ನೂರು ಗಜ ದಾಟಲು ಒಂದು ನಿಮಿಷಕ್ಕೆ ಸ್ವಲ್ಪ ಮೇಲೆ ಬೇಕು: ನಾಯಕನಿಗೆ ಮೂರು ಹೊಡೆತ, ಹೆಚ್ಚೆಂದರೆ ನಾಲ್ಕು. ನಾಗಾಲೋಟದ ಕುದುರೆಗೆ ಅದೇ ದೂರ ಹದಿನೈದು ಸೆಕೆಂಡಿನ ಆಸುಪಾಸು: ಒಂದೇ ಹೊಡೆತ. ಸಂಭಾಷಣೆಯನ್ನೂ ಈ ಗಡಿಯಾರಕ್ಕೆ ಹೊಂದಿಸಿ. ಕುದುರೆ ಓಡಿಬರುವಾಗ ಸಾರ್ಜೆಂಟ್ ಆರು ಸಾಲಿನ ಭಾಷಣ ಮಾಡಲಾರ.

ಬ್ರಿಟಿಷರ ಎರಡಾಳಿನ ಸಾಲು ಫ್ರೆಂಚರ ದಪ್ಪ ದಂಡನ್ನು ಏಕೆ ತಡೆಯುತ್ತಿತ್ತು ಎಂಬುದನ್ನೂ ಅಂಕಿಯಲ್ಲೇ ಹಿಡಿಯಿರಿ. 600 ಜನರ ಬೆಟಾಲಿಯನ್ ಎರಡು ಸಾಲಾಗಿ ನಿಂತರೆ ಮುಂದೆ 300 ಜನ, ಅಗಲ ಸುಮಾರು 180 ಗಜ, 600 ಬಂದೂಕೂ ಹಾರುತ್ತವೆ. ಅಷ್ಟೇ ಜನ ಫ್ರೆಂಚರು ಎರಡು ಕಂಪನಿ ಅಗಲಕ್ಕೆ, ಕಂಪನಿಗೆ ಮೂರು ಸಾಲಿನಂತೆ ಒತ್ತಾಗಿ ಬಂದರೆ ಮುಂಭಾಗದ 130ರಷ್ಟು ಜನ ಮಾತ್ರ ಹೊಡೆಯಬಲ್ಲರು. ಅವರು ಸಾಲಾಗಿ ಹರಡಿಕೊಳ್ಳುವ ಗಳಿಗೆಯಲ್ಲೇ ಗುಂಡು ಬಿದ್ದರೆ ಕಥೆ ಮುಗಿಯಿತು.

ನಾಯಕನಿಗೆ ದೂರದ ಗುರಿ ಬೇಕೇಬೇಕೆಂದರೆ ಅವನನ್ನು ಹಸಿರು ಕೋಟಿನ 95ನೇ ರೈಫಲ್ಸ್‌ಗೋ 60ನೇ ರೆಜಿಮೆಂಟಿನ 5ನೇ ಬೆಟಾಲಿಯನ್‌ಗೋ ಸೇರಿಸಿ. ಅವರ ಬೇಕರ್ ರೈಫಲ್‌ನ 30 ಅಂಗುಲದ ನಳಿಕೆಯಲ್ಲಿ ಏಳು ಸುರುಳಿಗೆರೆಗಳಿದ್ದವು, 200 ಗಜದವರೆಗೆ ಗುರಿ ನಂಬಬಹುದಿತ್ತು. ಆದರೆ ಜಿಡ್ಡು ಸವರಿದ ತೊಗಲಿನ ತುಂಡಿನಲ್ಲಿ ಗುಂಡು ಸುತ್ತಿ ಬಲವಾಗಿ ಇಳಿಸಬೇಕಾದ್ದರಿಂದ ತುಂಬಲು ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತಿತ್ತು. ಹಾಗಾಗಿ ಅವರು ಜೋಡಿಯಾಗಿ ಕಾದಾಡುತ್ತಿದ್ದರು: ಒಬ್ಬ ತುಂಬುವಾಗ ಇನ್ನೊಬ್ಬನ ಗುಂಡು ಸಿದ್ಧವಿರಬೇಕು. ಗೆಳೆತನ ಬೆಳೆಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಹುಡುಕಿದರೂ ಸಿಗದು. ಜೋಡಿಯ ಒಬ್ಬನನ್ನು ಕೊಂದರೆ ಉಳಿದವನಿಗೆ ಏನೇನು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಪಡಿ, ಸಂಬಳ, ಬಡ್ತಿ

ದಿನದ ಪಡಿ ಒಂದು ಪೌಂಡು ಮಾಂಸ, ಒಂದೂವರೆ ಪೌಂಡು ಬ್ರೆಡ್ ಅಥವಾ ಒಂದು ಪೌಂಡು ಗಟ್ಟಿ ಬಿಸ್ಕತ್ತು, ಜೊತೆಗೆ ಒಂದು ಪಿಂಟ್ ವೈನ್ ಇಲ್ಲವೇ ಅದರ ಮೂರನೇ ಒಂದರಷ್ಟು ರಮ್. ಇದು ಕಾಗದದ ಮೇಲಿನ ಮಾತು. ಹೇಸರಗತ್ತೆಗಳ ಸಾಲು ಹಿಂದೆ ಬಿದ್ದ ದಿನ ಅದೂ ಇಲ್ಲ. ಸಂಬಳ ದಿನಕ್ಕೆ ಒಂದು ಶಿಲಿಂಗ್, ಅದರಲ್ಲೂ ಕಡಿತ, ತಿಂಗಳುಗಟ್ಟಲೆ ಬಾಕಿ. ಬೆನ್ನ ಮೇಲಿನ ಹೊರೆ 27 ಕಿಲೋ ಆಸುಪಾಸು. ಸೈನಿಕರಿಗೆ ಡೇರೆ ಸಿಕ್ಕಿದ್ದು 1813ರಲ್ಲಿ. ಭಾರದ ಕಬ್ಬಿಣದ ಕಡಾಯಿಗಳ ಬದಲು ಹಗುರ ತಗಡಿನ ಪಾತ್ರೆ ಬಂದು, ಖಾಲಿಯಾದ ಹೇಸರಗತ್ತೆಗಳು ಡೇರೆ ಹೊತ್ತವು. ಅದಕ್ಕೂ ಮೊದಲಿನ ಕಥೆಯಾದರೆ ನಾಯಕ ಮರದಡಿಯಲ್ಲೋ ಹಳ್ಳಿಯ ಕೊಟ್ಟಿಗೆಯಲ್ಲೋ ಮಲಗಲಿ.

ಬಡ್ತಿಯ ವಿಷಯದಲ್ಲಿ ಎಲ್ಲ ಹುದ್ದೆಯೂ ದುಡ್ಡಿಗೆ ಮಾರಾಟ ಎಂದು ಬರೆಯುವವರೇ ಹೆಚ್ಚು. ಕಾಲಾಳು ರೆಜಿಮೆಂಟಿನಲ್ಲಿ ಅಧಿಕಾರಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಎನ್‌ಸೈನ್ ಹುದ್ದೆಗೆ ಅಧಿಕೃತ ದರ 400 ಪೌಂಡ್, ಕ್ಯಾಪ್ಟನ್‌ಗೆ 1,500 ಪೌಂಡ್ ಇದ್ದದ್ದು ನಿಜ. ಆದರೆ ಯುದ್ಧದಲ್ಲಿ ಸತ್ತವನ ಹುದ್ದೆ ಮಾರಾಟಕ್ಕೆ ಬರುತ್ತಿರಲಿಲ್ಲ, ಅದು ಸಾಮಾನ್ಯವಾಗಿ ಹಿರಿತನದ ಮೇಲೆ ಕೆಳಗಿನವನಿಗೆ ಹೋಗುತ್ತಿತ್ತು. ಹಾಗಾಗಿ ಬಡ ಲೆಫ್ಟಿನೆಂಟ್‌ಗೆ ತನ್ನ ಕ್ಯಾಪ್ಟನ್‌ನ ಸಾವೇ ಏಣಿ. ಇದನ್ನು ಇಬ್ಬರೂ ಬಲ್ಲರು, ಒಂದೇ ಬೆಂಕಿಯೆದುರು ಕೂತು ಉಣ್ಣುತ್ತಾರೆ. ಬಿರುಕಿಗೆ ಮೊದಲು ನುಗ್ಗುವ ಸ್ವಯಂಸೇವಕರ ತಂಡವನ್ನು ನಡೆಸಿ ಬದುಕಿಬಂದ ಕಿರಿಯ ಅಧಿಕಾರಿ ಬಡ್ತಿಯನ್ನು ನಿರೀಕ್ಷಿಸಬಹುದಿತ್ತು. ಸಾಮಾನ್ಯ ಸೈನಿಕ ಅಧಿಕಾರಿಯಾಗುವುದು ಅಪರೂಪ, ಆದರೆ ಅಸಾಧ್ಯವಲ್ಲ: ಸುಮಾರು ಇಪ್ಪತ್ತು ಅಧಿಕಾರಿಗಳಲ್ಲೊಬ್ಬ ಹಾಗೆ ಬಂದವನು.

ಗಾಯಗಳನ್ನು ಗುಂಡು ತೆಗೆದಲ್ಲಿಗೆ ಮುಗಿಸಬೇಡಿ. ಮೆದು ಸೀಸದ ಗುಂಡು ಮೂಳೆಯನ್ನು ಪುಡಿಮಾಡುತ್ತದೆ, ಕೊಳಕು ಬಟ್ಟೆಯ ಚೂರನ್ನೂ ಒಳಗೆಳೆದುಕೊಂಡು ಹೋಗುತ್ತದೆ, ಕೀವು ಶುರುವಾಗುವುದು ಅದರಿಂದ. ಪುಡಿಯಾದ ಕೈಕಾಲನ್ನು ಕೂಡಲೇ ಕತ್ತರಿಸುತ್ತಿದ್ದರು. ಪ್ರಜ್ಞೆ ತಪ್ಪಿಸುವ ಔಷಧ ಇನ್ನೂ ಬಂದಿರಲಿಲ್ಲ. ಭುಜಕ್ಕೆ ಗುಂಡು ತಿಂದವನು ಮುಂದಿನ ಅಧ್ಯಾಯದಲ್ಲಿ ಕತ್ತಿ ಬೀಸಿದರೆ ಓದುಗ ಪುಸ್ತಕ ಮುಚ್ಚುತ್ತಾನೆ. ಗುಂಡಿಗಿಂತ ಜ್ವರ ಭೇದಿಗಳಿಗೇ ಹೆಚ್ಚು ಜನ ಬಲಿಯಾದರೆಂಬುದೂ ಕಥೆಯಲ್ಲಿ ಎಲ್ಲಾದರೂ ಕಾಣಲಿ.

ಹೆಸರುಗಳಲ್ಲಿ ಎಡವುವುದು ಸುಲಭ. 1808ರಲ್ಲಿ ಸೇನಾಧಿಪತಿ ಸರ್ ಆರ್ಥರ್ ವೆಲ್ಲೆಸ್ಲಿ. ‘ವೆಲಿಂಗ್ಟನ್’ ಆದದ್ದು 1809ರ ಜುಲೈನ ತಲವೇರಾ ಗೆಲುವಿನ ನಂತರ, ಡ್ಯೂಕ್ ಆದದ್ದು 1814ರಲ್ಲಿ. ಸೇನೆ ಬರೀ ಬ್ರಿಟಿಷರದ್ದೂ ಅಲ್ಲ. ಬ್ರಿಟಿಷ್ ಜನರಲ್ ಬೆರೆಸ್‌ಫರ್ಡ್ ತರಬೇತಿ ಕೊಟ್ಟ ಪೋರ್ಚುಗೀಸ್ ರೆಜಿಮೆಂಟುಗಳು ಅದೇ ಡಿವಿಷನ್‌ಗಳಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಅವರಿಲ್ಲದ ಬಡಾಹೋಸ್ ಸುಳ್ಳು ಬಡಾಹೋಸ್.

ಕೋಟೆ ಬಿದ್ದ ಮೇಲಿನ ದಿನಗಳನ್ನು ಹಾರಿಸಿಬಿಡುವ ಆಸೆ ಸಹಜ. ಗೆದ್ದ ಸೈನಿಕರು ಸ್ಪೇನಿನ ಜನರದೇ ಊರನ್ನು, ತಮ್ಮ ಮಿತ್ರರ ಊರನ್ನು ದಿನಗಟ್ಟಲೆ ದೋಚಿದರು, ಹೆಂಗಸರ ಮೇಲೆ ಎರಗಿದರು. ಹದ್ದಿಗೆ ತರಲು ಗಲ್ಲುಗಂಬ ನಿಲ್ಲಿಸಬೇಕಾಯಿತು. ಆ ಗಲಭೆಯಿಂದ ತಪ್ಪಿಸಿಕೊಂಡು ಬ್ರಿಟಿಷ್ ಶಿಬಿರಕ್ಕೆ ಬಂದ ಹುವಾನಾ ಎಂಬ ಹುಡುಗಿ 95ನೇ ರೈಫಲ್ಸ್‌ನ ಹ್ಯಾರಿ ಸ್ಮಿತ್‌ನನ್ನು ಮದುವೆಯಾದಳು. ಆದರೆ ಆ ಒಂದು ಮದುವೆಯಿಂದ ಊರಿನ ಗತಿಯನ್ನು ಮುಚ್ಚಿಡಲಾಗದು. ನಿಮ್ಮ ನಾಯಕ ಆ ರಾತ್ರಿ ಯಾವ ಬೀದಿಯಲ್ಲಿದ್ದ, ಅವನ ಕಂಪನಿಯವರು ಏನು ಮಾಡುತ್ತಿದ್ದರು, ಅವನು ಯಾರನ್ನು ತಡೆದ, ಯಾರನ್ನು ತಡೆಯಲಿಲ್ಲ ಎಂಬುದನ್ನು ಕರಡಿನ ಮೊದಲ ಪುಟ ಬರೆಯುವ ಮುನ್ನವೇ ಆ ಉದ್ದ ಹಾಳೆಯ ಬಲಬದಿಗೆ ಗುರುತು ಹಾಕಿಕೊಳ್ಳಿ. ಸಿಟ್ಟಿನವನೋ ಸಂಭಾವಿತನೋ ಎಂಬುದು ಅಲ್ಲಿಂದ ಹಿಂದಕ್ಕೆ ಬರೆಯುತ್ತ ಹೋದಂತೆ ಗೊತ್ತಾಗುತ್ತದೆ.