ಆಫ್ ಮಾಡಿದ ಕಂಪ್ಯೂಟರ್ ಎಷ್ಟು ಕರೆಂಟ್ ಎಳೆಯುತ್ತದೆ? ಅಳೆಯುವ ಬಗೆ

ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದಿದ್ದರೆ ಸಾಕು. ತಂತಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ ವೋಲ್ಟೇಜಿನಿಂದ ಗುಣಿಸಲು ಹೋಗಬೇಡಿ. ಬರುವುದು ವಿಎ (ವೋಲ್ಟ್-ಆಂಪಿಯರ್), ವ್ಯಾಟ್ ಅಲ್ಲ. 230 ವೋಲ್ಟಿನಲ್ಲಿ 0.05 ಆಂಪಿಯರ್ ಎಂದರೆ 11.5 ವಿಎ, ಪವರ್ ಫ್ಯಾಕ್ಟರ್ (ವಿಎಯಲ್ಲಿ ನಿಜವಾಗಿ ಖರ್ಚಾಗುವ ಪಾಲು) 0.1 ಇದ್ದರೆ ನಿಜವಾದ ಖರ್ಚು 1.15 ವ್ಯಾಟ್ ಅಷ್ಟೇ. ಆಫ್ ಆಗಿರುವ ಕಂಪ್ಯೂಟರಿನಲ್ಲಿ ಪವರ್ ಫ್ಯಾಕ್ಟರ್ ತೀರಾ ಕೆಳಗಿರುವುದು ಮಾಮೂಲು.

ಮಾನಿಟರ್, ಸ್ಪೀಕರ್, ರೌಟರ್ ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಐಡಲ್ (ಆನ್ ಇದ್ದೂ ಕೆಲಸವಿಲ್ಲದ ಸ್ಥಿತಿ) ಅಳತೆಗೆ, ಆನ್ ಮಾಡಿ 15 ನಿಮಿಷ ಸುಮ್ಮನೆ ಬಿಡಿ. ಅಪ್‌ಡೇಟ್, ವೈರಸ್ ಸ್ಕ್ಯಾನ್ ಹಿಂದೆ ಓಡುತ್ತಿದ್ದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿರಲಿ, ಇಲ್ಲವಾದರೆ ನೀವು ಅಳೆಯುವುದು ಚಾರ್ಜಿಂಗನ್ನು. ಸ್ಲೀಪ್ ಸ್ಥಿತಿಯನ್ನೂ ಹೀಗೇ ನೋಡಿ.

ಆಫ್ ಸ್ಥಿತಿಯೇ ತೊಡಕಿನದು. 1 ವ್ಯಾಟಿಗಿಂತ ಕೆಳಗೆ ಅಗ್ಗದ ಮೀಟರುಗಳನ್ನು ನಂಬುವಂತಿಲ್ಲ, ಕೆಲವು ಸೊನ್ನೆಯನ್ನೇ ತೋರಿಸುತ್ತವೆ. ಪರದೆಯ ವ್ಯಾಟ್ ಅಂಕಿ ಓಲಾಡುತ್ತಿದ್ದರೆ ಮೀಟರಿನ ಯೂನಿಟ್ (ಕಿಲೋವ್ಯಾಟ್-ಅವರ್) ಲೆಕ್ಕ ಹಿಡಿಯಿರಿ: 48 ಗಂಟೆಯಲ್ಲಿ 0.12 ಯೂನಿಟ್ ಆದರೆ, 120 ವ್ಯಾಟ್-ಅವರ್ ಭಾಗಿಸು 48, ಅಂದರೆ ಸರಾಸರಿ 2.5 ವ್ಯಾಟ್. ವರ್ಷವಿಡೀ ಹಾಗೇ ಬಿಟ್ಟರೆ ಸುಮಾರು 22 ಯೂನಿಟ್.

ಆಫ್ ಆಗಿದ್ದೂ ಅಂಕಿ ಹೆಚ್ಚೆನಿಸಿದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ವೇಕ್-ಆನ್-ಲ್ಯಾನ್ (ನೆಟ್‌ವರ್ಕ್ ಮೂಲಕ ಕಂಪ್ಯೂಟರನ್ನು ಎಬ್ಬಿಸುವ ಸೌಲಭ್ಯ) ಮತ್ತು ಯುಎಸ್‌ಬಿ ಚಾರ್ಜಿಂಗ್ ನಿಲ್ಲಿಸಿ, ಇಆರ್‌ಪಿ (ಆಫ್ ಸ್ಥಿತಿಯ ಖರ್ಚು ತಗ್ಗಿಸುವ) ಆಯ್ಕೆ ಇದ್ದರೆ ಆನ್ ಮಾಡಿ ಮತ್ತೆ ಅಳೆಯಿರಿ. ಡೆಸ್ಕ್‌ಟಾಪಿನ ಹಿಂಬದಿಯ ಪವರ್ ಸ್ವಿಚ್ಚನ್ನೇ ಆರಿಸುವುದೂ ಸರಿಯೇ, ಆದರೆ ಆಗ ಕಂಪ್ಯೂಟರಿನ ಗಡಿಯಾರ ನಡೆಯುವುದು ಮದರ್‌ಬೋರ್ಡಿನ ಬಟನ್ ಸೆಲ್ ಮೇಲೆ.