ಎರಡು ರೆಕ್ಕೆಗಳ ನೆಂಟಸ್ತಿಕೆ ಪತ್ತೆಹಚ್ಚುವುದು ಹೇಗೆ?

ಕಾಗೆ, ಬಾವಲಿ, ಪತಂಗ ಮೂರಕ್ಕೂ ರೆಕ್ಕೆ ಇದೆ. ಮೂರೂ ಒಂದೇ ಮೂಲದವೇ? ರಚನಾನುರೂಪಿ, ಕಾರ್ಯಾನುರೂಪಿ ಎಂದು ಉರು ಹೊಡೆದ ಮಕ್ಕಳು ಪರೀಕ್ಷೆಯಲ್ಲಿ ಅದಲುಬದಲು ಬರೆದು ಬರುವುದು ಇಲ್ಲೇ. ಒಂದೇ ಪೂರ್ವಜನಿಂದ ಬಂದ ಅಂಗಗಳು ರಚನಾನುರೂಪಿ, ಈಗ ಅವುಗಳ ಕೆಲಸ ಏನೇ ಇರಲಿ. ಬೇರೆ ಬೇರೆ ಮೂಲದಿಂದ ಬಂದು ಒಂದೇ ಕೆಲಸಕ್ಕೆ ಒದಗಿದವು ಕಾರ್ಯಾನುರೂಪಿ. ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ 1843ರಲ್ಲಿ ಇವೆರಡನ್ನೂ ಬಿಡಿಸಿ ವ್ಯಾಖ್ಯಾನಿಸಿದರು. ಪೂರ್ವಜನ ಲೆಕ್ಕ ಗಟ್ಟಿಯಾಗಿ ಸೇರಿದ್ದು 1859ರಲ್ಲಿ ಡಾರ್ವಿನ್ ಬರೆದ ಮೇಲೆ.

ಹಂತ 1: ಕೆಲಸ ಮರೆಯಿರಿ. ಹಾರುತ್ತದೆಯೇ, ಈಜುತ್ತದೆಯೇ ಎಂದು ಕೇಳಿದರೆ ದಾರಿ ತಪ್ಪಿದಂತೆಯೇ. ಡಾಲ್ಫಿನ್, ಶಾರ್ಕ್ ಎರಡರ ಬೆನ್ನ ಮೇಲೂ ಈಜುರೆಕ್ಕೆ ಇದೆ. ಆದರೆ ಒಂದು ಸಸ್ತನಿ, ಇನ್ನೊಂದು ಮೀನು.

ಹಂತ 2: ಒಳಗಿನ ಮೂಳೆ ನೋಡಿ. ಮಾಂಸ ತಿನ್ನುವವರಿಗೆ ಇದು ಸುಲಭ. ತುದಿ ಕತ್ತರಿಸದ ಕೋಳಿ ರೆಕ್ಕೆ ಕೇಳಿ ತನ್ನಿ, ಚೆನ್ನಾಗಿ ಬೇಯಿಸಿ ಮಾಂಸ ಬಿಡಿಸಿ. ಭುಜದ ಕಡೆ ಒಂಟಿ ಮೂಳೆ. ಮಡಚುವ ಕೀಲು ದಾಟಿದರೆ ಜೋಡಿ ಮೂಳೆ, ಒಂದು ಸಣಕಲು, ಒಂದು ದಪ್ಪ. ಆಮೇಲೆ ಮಣಿಕಟ್ಟು, ಬೆಸೆದುಕೊಂಡ ಅಂಗೈ, ಮೂರು ಮೋಟು ಬೆರಳು. ಈಗ ನಿಮ್ಮ ತೋಳನ್ನು ಭುಜದಿಂದ ಕೆಳಕ್ಕೆ ಒತ್ತುತ್ತಾ ಬನ್ನಿ: ಒಂದು, ಎರಡು, ಮಣಿಕಟ್ಟು, ಬೆರಳು. ಅದೇ ಸಾಲು. ಸಸ್ಯಾಹಾರಿಗಳಿಗೆ ಕಾಲೇಜಿನ ಪ್ರಯೋಗಾಲಯದಲ್ಲಿರುವ ಪಾರಿವಾಳದ ಅಸ್ಥಿಪಂಜರ ಸಾಕು.

ಮೂಳೆಯ ಆಕಾರಕ್ಕೆ ಮರುಳಾಗಬೇಡಿ, ಸಾಲು ಮುಖ್ಯ. ತಿಮಿಂಗಿಲದ ಈಜುಗೈಯಲ್ಲೂ ಇದೇ ಕ್ರಮವಿದೆ, ಬೆರಳಿನ ಗೆಣ್ಣುಗಳು ಮಾತ್ರ ನಮಗಿಂತ ಹೆಚ್ಚು. ಪತಂಗದ ರೆಕ್ಕೆ ಬಿಡಿಸಿದರೆ ಮೂಳೆಯೇ ಇಲ್ಲ. ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ವಸ್ತುವಿನ ತೆಳು ಪೊರೆ, ಅದರಲ್ಲಿ ನಾಳಗಳು. ಅದು ಕಾಗೆಯ ರೆಕ್ಕೆಗೆ ಕಾರ್ಯಾನುರೂಪಿ. ಇಷ್ಟಕ್ಕೇ ವಾದ ಮುಗಿಯಿತು.

ಹಂತ 3: ‘ಯಾವುದಾಗಿ?’ ಎಂದು ಕೇಳಿ. ಗೈಡ್‌ಗಳು ಹಾರಿಸಿಬಿಡುವ ಹಂತ ಇದು. ನನ್ನ ಮಟ್ಟಿಗೆ ಇದೇ ಇಡೀ ವಿಷಯದ ಜೀವಾಳ. ಬಾವಲಿಯ ರೆಕ್ಕೆಯಲ್ಲಿ ನಾಲ್ಕು ಬೆರಳು ಕೊಡೆಯ ಕಡ್ಡಿಗಳಂತೆ ಉದ್ದಕ್ಕೆ ಬೆಳೆದು ಚರ್ಮವನ್ನು ಹಿಡಿದಿವೆ. ಹೆಬ್ಬೆರಳು ಹೊರಗೆ ಬಿಡುವಾಗಿದೆ. ಕಾಗೆಯಲ್ಲಿ ಬೆರಳು ಕುಗ್ಗಿ, ಕೆಲಸವನ್ನು ಗರಿ ವಹಿಸಿಕೊಂಡಿದೆ. ಮುಂಗಾಲಾಗಿ ನೋಡಿದರೆ ಇವೆರಡೂ ರಚನಾನುರೂಪಿ, ಏಕೆಂದರೆ ಇಬ್ಬರಿಗೂ ಸಾಮಾನ್ಯನಾದ ಪೂರ್ವಜನಿಗೆ ಆ ಮುಂಗಾಲಿತ್ತು. ರೆಕ್ಕೆಯಾಗಿ ನೋಡಿದರೆ ಕಾರ್ಯಾನುರೂಪಿ, ಏಕೆಂದರೆ ಆ ಪೂರ್ವಜ ಹಾರುತ್ತಿರಲಿಲ್ಲ. ಎರಡು ಉತ್ತರವೂ ಸರಿ; ಪ್ರಶ್ನೆ ಅರ್ಧ ಇದ್ದರೆ ಮಾತ್ರ ಜಗಳ.

ಹಂತ 4: ಕೈಕಾಲು ಎಣಿಸಿ. ಮಲೆನಾಡಿನ ಅಡಿಕೆ ತೋಟದಲ್ಲಿ ಹಾರುವ ಓತಿ ಕಂಡರೆ ಗಮನಿಸಿ. ನಾಲ್ಕೂ ಕಾಲು ಮರಕ್ಕೆ ಅಂಟಿಕೊಂಡೇ ಇರುತ್ತವೆ. ಅಂದಮೇಲೆ ಪಕ್ಕದಲ್ಲಿ ಬಿಚ್ಚಿಕೊಳ್ಳುವ ರೆಕ್ಕೆ ಕಾಲಿನಿಂದ ಬಂದಿರಲಾರದು. ಅದನ್ನು ಹಿಡಿದಿರುವುದು ಉದ್ದಕ್ಕೆ ಬೆಳೆದ ಪಕ್ಕೆಲುಬು. ಮೂಳೆ ಇದೆ ಎಂದ ಮಾತ್ರಕ್ಕೆ ಬಾವಲಿಯ ರೆಕ್ಕೆಗೆ ನಂಟು ಹಚ್ಚುವಂತಿಲ್ಲ.

ಹಂತ 5: ಭ್ರೂಣ ವಿಚಾರಿಸಿ. ಬೆಳೆದ ಅಂಗ ಗುರುತೇ ಸಿಗದಷ್ಟು ಬದಲಾಗಿದ್ದರೆ ಇದೇ ದಾರಿ. ನಮ್ಮ ನಡುಗಿವಿಯ ಮೂರು ಪುಟಾಣಿ ಮೂಳೆಗಳಲ್ಲಿ ಎರಡು, ಹಲ್ಲಿ-ಮೊಸಳೆಗಳ ದವಡೆಯ ಕೀಲಿನ ಮೂಳೆಗಳಿಗೆ ರಚನಾನುರೂಪಿ. ಜರ್ಮನಿಯ ಕಾರ್ಲ್ ರೈಖರ್ಟ್ 1837ರಲ್ಲೇ ಭ್ರೂಣಗಳನ್ನು ನೋಡಿ ಇದನ್ನು ಹೇಳಿದ್ದರು. ಪಳೆಯುಳಿಕೆಗಳು ಆಮೇಲೆ ಸಾಕ್ಷಿ ನುಡಿದವು.

ಇಷ್ಟು ಕೈಗೆ ಹತ್ತಿದ ಮೇಲೆ ಆಕ್ಟೋಪಸ್‌ನ ಕಣ್ಣಿಗೆ ಕೈಹಾಕಿ. ಮಸೂರ, ಪಾಪೆ, ಅಕ್ಷಿಪಟ ಎಲ್ಲ ನಮ್ಮಂತೆಯೇ. ಆದರೆ ನಮ್ಮಲ್ಲಿ ನರದ ಎಳೆಗಳು ಅಕ್ಷಿಪಟದ ಮುಂದೆ ಹಾದು ಅದನ್ನು ತೂರಿಕೊಂಡು ಹೋಗುವುದರಿಂದ ಅಲ್ಲೊಂದು ಕುರುಡು ಚುಕ್ಕೆ ಇದೆ. ಆಕ್ಟೋಪಸ್‌ಗೆ ಎಳೆಗಳು ಹಿಂದಿನಿಂದಲೇ ಹೊರಡುವುದರಿಂದ ಆ ಚುಕ್ಕೆಯಿಲ್ಲ. ಮಸೂರವಿರುವ ಕಣ್ಣಾಗಿ ಇವು ಕಾರ್ಯಾನುರೂಪಿ. ಆದರೆ ಕಣ್ಣು ಬೆಳೆಸುವ ಪ್ಯಾಕ್ಸ್-6 ಎಂಬ ಜೀನ್ ಇಬ್ಬರಲ್ಲೂ ಇದೆ. 1995ರಲ್ಲಿ ಇಲಿಯ ಅದೇ ಜೀನನ್ನು ಹಣ್ಣುನೊಣದಲ್ಲಿ ಚಾಲೂ ಮಾಡಿದಾಗ ಅದರ ಕಾಲಿನ ಮೇಲೂ ಕಣ್ಣು ಮೂಡಿತು. ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣೇ. ಕಣ್ಣು ಬೇರೆ ಬೇರೆಯಾಗಿ ಹುಟ್ಟಿದ್ದರೂ ಜೀನ್ ಮಾತ್ರ ಒಂದೇ ಪೂರ್ವಜನ ಆಸ್ತಿ.